ಅಮೆರಿಕದ ಆದ್ಯ ಅಧ್ಯಕ್ಷರ ಚರಿತ್ರೆಯೂ ಇತಿಹಾಸ ಶಿಕ್ಷಕರ ಹೊಣೆಯೂ

ಪ್ರೌಢಶಾಲೆಯ ಇತಿಹಾಸ ಪಾಠಗಳಲ್ಲಿ ಅಮೆರಿಕದ ಸ್ವಾತಂತ್ರ್ಯ ಸಮರಕ್ಕೆ ದೊರೆಯುವ ಸ್ಥಳ ಕೆಲವೇ ಪುಟಗಳಷ್ಟು. ಬೋಸ್ಟನ್ ಬಂದರಿನಲ್ಲಿ ಚಹದ ಪೆಟ್ಟಿಗೆಗಳನ್ನು ಕಡಲಿಗೆಸೆದದ್ದು, ೧೭೭೬ರ ಸ್ವಾತಂತ್ರ್ಯ ಘೋಷಣೆ, ಜಾರ್ಜ್ ವಾಷಿಂಗ್ಟನ್ನನ ಸೇನಾಪತ್ಯ, ೧೭೮೯ರಲ್ಲಿ ಆತನು ಪ್ರಥಮ ಅಧ್ಯಕ್ಷನಾದದ್ದು ಇವಿಷ್ಟನ್ನು ವಿದ್ಯಾರ್ಥಿಯು ಕಂಠಪಾಠ ಮಾಡುತ್ತಾನೆ. ಪರೀಕ್ಷೆ ಮುಗಿದೊಡನೆ ಮರೆಯುತ್ತಾನೆ. ಇದು ವಿದ್ಯಾರ್ಥಿಯ ದೋಷವಲ್ಲ. ದೂರದ ದೇಶದ, ಅಪರಿಚಿತ ಹೆಸರುಗಳಿಂದ ತುಂಬಿದ ಈ ಪಾಠ ತನಗೇಕೆ ಎಂಬ ಪ್ರಶ್ನೆಗೆ ಅವನಿಗೆ ಉತ್ತರ ದೊರೆತಿರುವುದಿಲ್ಲ.

ಈ ವಿಷಯಕ್ಕೆ ಇನ್ನೊಂದು ಮುಖವುಂಟು. ಅಮೆರಿಕದ ಶಿಕ್ಷಕರೂ ಇತಿಹಾಸಕಾರರೂ ತಮ್ಮ ನಾಡಿನ ಮೊದಲ ಅಧ್ಯಕ್ಷರ ಚರಿತ್ರೆಯನ್ನು ಇನ್ನೂರು ವರ್ಷಗಳಿಗೂ ಮಿಕ್ಕಿ ಮಕ್ಕಳಿಗೆ ಬೋಧಿಸುತ್ತ ಬಂದಿದ್ದಾರೆ. ಆ ಬೋಧನೆಯ ರೀತಿ ಒಂದೇ ಆಗಿ ಉಳಿಯಲಿಲ್ಲ. ಮೊದಲು ಕಟ್ಟುಕಥೆ, ಅನಂತರ ಸ್ತುತಿ, ತರುವಾಯ ಮೂಲಪತ್ರಗಳ ಶೋಧನೆ, ಆಮೇಲೆ ಅದುವರೆಗೆ ಯಾರೂ ಕಿವಿಗೊಡದಿದ್ದವರ ಮಾತಿನ ಪರಿಶೀಲನೆ, ಹೀಗೆ ಅದು ಹಂತಹಂತವಾಗಿ ಬೆಳೆದು ಬಂದಿತು. ಪೂಜ್ಯರೆನಿಸಿದವರ ಚರಿತ್ರೆಯನ್ನು ಗೌರವಕ್ಕೂ ಚ್ಯುತಿಯಿಲ್ಲದಂತೆ, ಸತ್ಯಕ್ಕೂ ಕುಂದು ಬಾರದಂತೆ ಕಲಿಸುವುದು ಹೇಗೆಂಬುದು ಅಮೆರಿಕದ ಶಿಕ್ಷಕನೊಬ್ಬನ ಪ್ರಶ್ನೆಯಷ್ಟೇ ಅಲ್ಲ. ತೇರದಾಳದ ಶಿಕ್ಷಕನ ಪ್ರಶ್ನೆಯೂ ಅದೇ. ಆದುದರಿಂದ ಆ ಹಂತಗಳನ್ನು ಪರಿಚಯಿಸಿ, ಅವುಗಳಿಂದ ನಮ್ಮ ಶಾಲೆಗಳಿಗೆ ಏನು ಪ್ರಯೋಜನವೆಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶವಾಗಿದೆ.

ನಮ್ಮ ನಾಡಿನ ನಂಟು

ಪಾಠವನ್ನು ಎಲ್ಲಿಂದ ಆರಂಭಿಸಬೇಕು? ವಿದ್ಯಾರ್ಥಿಗೆ ಪರಿಚಯವಿರುವ ನೆಲದಿಂದ ಆರಂಭಿಸುವುದು ಬೋಧನಶಾಸ್ತ್ರದ ಮೊದಲ ಸೂತ್ರ. ಅಮೆರಿಕದ ಮೊದಲ ಅಧ್ಯಕ್ಷನ ಕಾಲವೂ ಕರ್ನಾಟಕದ ಚರಿತ್ರೆಯೂ ಒಂದೇ ಕಾಲದ ಎರಡು ಪುಟಗಳೆಂಬುದನ್ನು ನಾವು ಬಹುಮಟ್ಟಿಗೆ ಗಮನಿಸಿಲ್ಲ.

೧೭೮೧ರ ಅಕ್ಟೋಬರ್ ೧೯ರಂದು ಯಾರ್ಕ್‌ಟೌನಿನಲ್ಲಿ ಇಂಗ್ಲಿಷ್ ಸೈನ್ಯವು ವಾಷಿಂಗ್ಟನ್ ಹಾಗೂ ಅವನ ಮಿತ್ರರಾದ ಫ್ರೆಂಚರ ಎದುರು ಶರಣಾಯಿತು. ಶರಣಾದ ಸೇನಾನಿ ಲಾರ್ಡ್ ಕಾರ್ನವಾಲಿಸ್. ಅದೇ ಹೊತ್ತಿನಲ್ಲಿ ನಮ್ಮ ದಕ್ಷಿಣದಲ್ಲಿ ಹೈದರಾಲಿಯು ಅದೇ ಇಂಗ್ಲಿಷರೊಡನೆ ಕಾದಾಡುತ್ತಿದ್ದನು. ಈ ಸುದ್ದಿ ಅಟ್ಲಾಂಟಿಕ್ ಸಾಗರವನ್ನು ದಾಟಿ ಹೋಗಿದ್ದಿತು. ಪೆನ್ಸಿಲ್ವೇನಿಯದವರು ತಮ್ಮ ಯುದ್ಧನೌಕೆಯೊಂದಕ್ಕೆ ಹೈದರಾಲಿಯ ಹೆಸರನ್ನೇ ಇಟ್ಟಿದ್ದರು. ೧೭೮೨ರ ಏಪ್ರಿಲ್‌ನಲ್ಲಿ ಆ ನೌಕೆಯು ಜೋಶುವ ಬಾರ್ನಿ ಎಂಬ ಕಪ್ತಾನನ ಕೈಕೆಳಗೆ ತನಗಿಂತ ಬಲವಾದ ಇಂಗ್ಲಿಷ್ ನೌಕೆಯನ್ನು ಸೆರೆಹಿಡಿಯಿತು. ೧೭೮೩ರ ಪ್ಯಾರಿಸ್ ಒಪ್ಪಂದದಿಂದ ಅಮೆರಿಕದ ಯುದ್ಧ ಮುಗಿಯಿತು. ೧೭೮೪ರ ಮಾರ್ಚಿಯಲ್ಲಿ ಮಂಗಳೂರಿನ ಒಪ್ಪಂದದಿಂದ ಎರಡನೆಯ ಮೈಸೂರು ಯುದ್ಧ ಮುಗಿಯಿತು.

ಯಾರ್ಕ್‌ಟೌನಿನಲ್ಲಿ ಸೋತ ಕಾರ್ನವಾಲಿಸನು ೧೭೮೬ರಲ್ಲಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದನು. ವಾಷಿಂಗ್ಟನ್ ೧೭೮೯ರ ಏಪ್ರಿಲ್ ೩೦ರಂದು ನ್ಯೂಯಾರ್ಕಿನಲ್ಲಿ ಅಧ್ಯಕ್ಷಪದದ ಪ್ರಮಾಣ ಸ್ವೀಕರಿಸಿದ ಮರುವರ್ಷವೇ ಮೂರನೆಯ ಮೈಸೂರು ಯುದ್ಧ ಮೊದಲಾಯಿತು. ಅದರಲ್ಲಿ ಕಾರ್ನವಾಲಿಸನ ಪಕ್ಷ ವಹಿಸಿ ಹೋರಾಡಿದ ಮರಾಠಾ ಸರದಾರರಲ್ಲಿ ಪರಶುರಾಮಭಾವು ಪಟವರ್ಧನನು ಪ್ರಮುಖನು. ೧೭೯೧ರ ಏಪ್ರಿಲ್‌ನಲ್ಲಿ ಧಾರವಾಡದ ಕೋಟೆ ಈತನ ಸೈನ್ಯಕ್ಕೆ ವಶವಾಯಿತು. ಜಮಖಂಡಿಯ ಸಂಸ್ಥಾನಿಕರು ಈತನ ಮನೆತನದವರೇ. ತೇರದಾಳವನ್ನೊಳಗೊಂಡಿದ್ದ ಸಾಂಗಲಿ ಸಂಸ್ಥಾನವೂ ಪಟವರ್ಧನರ ಮತ್ತೊಂದು ಶಾಖೆಯದು. ೧೭೯೨ರ ಮಾರ್ಚಿಯಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾಗಿ ಟೀಪೂ ಸುಲ್ತಾನನು ಅರ್ಧ ರಾಜ್ಯವನ್ನೂ ಒತ್ತೆಯಾಗಿ ಇಬ್ಬರು ಮಕ್ಕಳನ್ನೂ ಒಪ್ಪಿಸಬೇಕಾಯಿತು. ಒಂದು ಖಂಡದಲ್ಲಿ ಸೋತು ಶರಣಾದವನು ಇನ್ನೊಂದು ಖಂಡದಲ್ಲಿ ಗೆದ್ದು ಒತ್ತೆಯ ಮಕ್ಕಳನ್ನು ಸ್ವೀಕರಿಸಿದನು.

೧೭೯೯ನೆಯ ಇಸವಿಯನ್ನು ಕಪ್ಪುಹಲಗೆಯ ಮೇಲೆ ಬರೆದು ಶಿಕ್ಷಕನು ಪಾಠವನ್ನು ಮೊದಲು ಮಾಡಬಹುದು. ಆ ವರ್ಷದ ಮೇ ೪ರಂದು ಟೀಪೂ ಶ್ರೀರಂಗಪಟ್ಟಣದಲ್ಲಿ ಮಡಿದನು. ಅದೇ ವರ್ಷ ಪರಶುರಾಮಭಾವು ಕೊಲ್ಹಾಪುರದವರೊಡನೆ ಕಾದಾಡುತ್ತ ಪಟ್ಟಣಕುಡಿಯ ಬಳಿ ಮಡಿದನು. ಡಿಸೆಂಬರ್ ೧೪ರಂದು ವಾಷಿಂಗ್ಟನ್ ತನ್ನ ಮೌಂಟ್ ವರ್ನನ್ ಮನೆಯಲ್ಲಿ ತೀರಿಕೊಂಡನು. ಮೂವರ ಸಾವನ್ನೂ ಒಟ್ಟಿಗೆ ಕಂಡ ವಿದ್ಯಾರ್ಥಿಗೆ ಅಮೆರಿಕವು ಪುಸ್ತಕದೊಳಗಿನ ದೂರದ ದೇಶವಾಗಿ ಉಳಿಯುವುದಿಲ್ಲ.

ಚೆರ್ರಿಮರದ ಕಥೆ

ವಾಷಿಂಗ್ಟನ್ ತೀರಿಕೊಂಡ ಮರುವರ್ಷವೇ, ಅಂದರೆ ೧೮೦೦ರಲ್ಲಿ, ಮೇಸನ್ ಲಾಕ್ ವೀಮ್ಸ್ ಎಂಬಾತನು ಅವನ ಜೀವನಚರಿತ್ರೆಯನ್ನು ಹೊರತಂದನು. ವೀಮ್ಸನು ಪಾದ್ರಿ, ಜೊತೆಗೆ ಊರೂರು ತಿರುಗಿ ಪುಸ್ತಕ ಮಾರುವವನು. ಜನ ಏನನ್ನು ಕೊಳ್ಳುತ್ತಾರೆಂಬುದನ್ನು ಆತನು ಚೆನ್ನಾಗಿ ಬಲ್ಲನು. ೧೮೦೬ರಲ್ಲಿ ಬಂದ ಐದನೆಯ ಮುದ್ರಣದಲ್ಲಿ ಒಂದು ಹೊಸ ಪ್ರಸಂಗ ಸೇರಿಕೊಂಡಿತು. ಬಾಲಕ ಜಾರ್ಜನು ಕೈಗೊಡಲಿಯಿಂದ ತಂದೆಯ ಪ್ರೀತಿಯ ಚೆರ್ರಿಗಿಡವನ್ನು ಕಡಿದನಂತೆ. ತಂದೆ ಕೇಳಲಾಗಿ ಸುಳ್ಳು ಹೇಳಲಾರೆನೆಂದು ತಪ್ಪನ್ನು ಒಪ್ಪಿಕೊಂಡನಂತೆ. ತಂದೆಯು ಸಿಟ್ಟಾಗದೆ ಮಗನನ್ನು ಅಪ್ಪಿಕೊಂಡನಂತೆ. ಈ ಕಥೆಗೆ ನಂಬಬಹುದಾದ ಯಾವ ಆಧಾರವೂ ದೊರೆತಿಲ್ಲ. ಆದರೂ ಹತ್ತೊಂಬತ್ತನೆಯ ಶತಮಾನದ ಶಾಲಾ ವಾಚನಮಾಲೆಗಳಲ್ಲಿ ಇದು ಮತ್ತೆಮತ್ತೆ ಮುದ್ರಿತವಾಯಿತು. ಸಮುದ್ರಗಳನ್ನು ದಾಟಿ ನಮ್ಮ ನೀತಿಪಾಠಗಳೊಳಗೂ ಬಂದಿತು.

ಸತ್ಯವಂತಿಕೆಯನ್ನು ಬೋಧಿಸುವುದಕ್ಕಾಗಿ ಹುಟ್ಟಿದ ಕಥೆಯೇ ಸತ್ಯವಲ್ಲವೆಂಬುದು ಸೋಜಿಗ. ನೀತಿ ಕಲಿಸಲು ಕಥೆ ಬೇಡವೆಂದು ಯಾರೂ ಹೇಳಲಾರರು. ಪುಣ್ಯಕೋಟಿಯ ಕಥೆಯನ್ನು ಕೇಳಿ ಕಣ್ಣೀರು ತುಂಬದ ಕನ್ನಡದ ಮಗುವುಂಟೆ? ಆದರೆ ಪುಣ್ಯಕೋಟಿಯನ್ನು ನಾವು ಇಸವಿ ತಾರೀಖು ಹಾಕಿ ಇತಿಹಾಸವೆಂದು ಕಲಿಸುವುದಿಲ್ಲ. ಕಥೆಯನ್ನು ಕಥೆಯೆಂದೂ ಚರಿತ್ರೆಯನ್ನು ಚರಿತ್ರೆಯೆಂದೂ ಕಲಿಸುವವರೆಗೆ ಎರಡಕ್ಕೂ ಮರ್ಯಾದೆಯುಂಟು. ಎರಡನ್ನೂ ಕಲಸಿದರೆ ಮಗು ಬೆಳೆದು ದೊಡ್ಡದಾಗಿ ನಿಜವನ್ನರಿತ ದಿನ, ಕಥೆಯೊಂದಿಗೆ ಚರಿತ್ರಪುರುಷನನ್ನೂ ಕೈಬಿಡುವ ಅಪಾಯವಿದೆ.

ತಿದ್ದಿದ ಪತ್ರಗಳು

ವೀಮ್ಸನದು ಮಾರಾಟಗಾರನ ಉತ್ಸಾಹ. ಅವನ ತರುವಾಯ ಬಂದ ಜೇರೆಡ್ ಸ್ಪಾರ್ಕ್ಸ್ ನಿಜವಾದ ವಿದ್ವಾಂಸ. ಹಾರ್ವರ್ಡ್ ವಿದ್ಯಾಲಯದಲ್ಲಿ ಇತಿಹಾಸದ ಪ್ರಾಧ್ಯಾಪಕನಾಗಿ, ಮುಂದೆ ಅದರ ಮುಖ್ಯಸ್ಥನೂ ಆದವನು. ವಾಷಿಂಗ್ಟನ್ನನ ಪತ್ರಗಳನ್ನು ಶ್ರಮಪಟ್ಟು ಸಂಗ್ರಹಿಸಿ ೧೮೩೪ರಿಂದ ೧೮೩೭ರವರೆಗೆ ಹನ್ನೆರಡು ಸಂಪುಟಗಳಲ್ಲಿ ಪ್ರಕಟಿಸಿದನು. ಆ ಉಪಕಾರ ದೊಡ್ಡದು. ಆದರೆ ರಾಷ್ಟ್ರಪಿತನ ಬಾಯಲ್ಲಿ ಒರಟು ಮಾತು, ಸಲಿಗೆಯ ಮಾತು ಸಲ್ಲದೆಂಬ ಭಾವನೆಯಿಂದ ಮೂಲದ ಮಾತುಗಳನ್ನು ಆತನು ತಿದ್ದಿದನು. ವಾಷಿಂಗ್ಟನ್ ತನ್ನ ಸಹಸೇನಾನಿ ಪಟ್ನಮನನ್ನು ಸೈನಿಕರೆಲ್ಲ ಕರೆಯುತ್ತಿದ್ದಂತೆ ಮುದ್ದಿನ ಅಡ್ಡಹೆಸರಿನಿಂದ ಬರೆದಿದ್ದರೆ, ಸ್ಪಾರ್ಕ್ಸನ ಮುದ್ರಣದಲ್ಲಿ ಅದು ಜನರಲ್ ಪಟ್ನಮ್ ಎಂದಾಯಿತು. ಕೈಗೆ ಬಂದ ಅಲ್ಪ ಹಣವನ್ನು ಚಿಗಟ ಕಚ್ಚಿದಷ್ಟೇ ಎಂದು ಹಂಗಿಸಿದ್ದರೆ, ಅದು ಗಂಭೀರವಾದ ಸರಕಾರಿ ವಾಕ್ಯವಾಗಿ ಮಾರ್ಪಟ್ಟಿತು. ೧೮೫೧ರ ಸುಮಾರಿಗೆ ಇಂಗ್ಲೆಂಡಿನ ಇತಿಹಾಸಕಾರ ಲಾರ್ಡ್ ಮಹೋನ್ ಇದನ್ನು ಎತ್ತಿ ಆಡಿದಾಗ ದೊಡ್ಡ ವಾಗ್ವಾದವೇ ನಡೆಯಿತು.

ಇಷ್ಟೇ ಅಲ್ಲ. ವಾಷಿಂಗ್ಟನ್ ಬಳಸದೆ ಬಿಟ್ಟ ಪ್ರಥಮ ಪ್ರಮಾಣವಚನ ಭಾಷಣದ ಕರಡು ಸ್ಪಾರ್ಕ್ಸನ ವಶದಲ್ಲಿದ್ದಿತು. ಮಹತ್ತ್ವದ್ದಲ್ಲವೆಂದು ಬಗೆದು ಅದನ್ನು ತುಂಡುತುಂಡಾಗಿ ಕತ್ತರಿಸಿ, ಹಸ್ತಾಕ್ಷರದ ನೆನಪಿಗಾಗಿ ಕೇಳಿದವರಿಗೆಲ್ಲ ಹಂಚಿಬಿಟ್ಟನು. ಆ ತುಂಡುಗಳನ್ನು ಮರಳಿ ಹುಡುಕಿ ಕೂಡಿಸುವ ಕೆಲಸ ಮುಂದಿನ ತಲೆಮಾರುಗಳ ವಿದ್ವಾಂಸರ ಪಾಲಿಗೆ ಬಂದಿತು. ಭಕ್ತಿಯಿಂದಲೇ ಮಾಡಿದ ಕೆಲಸ ಹೇಗೆ ಆಕರವನ್ನೇ ನಾಶಗೊಳಿಸಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಮೂಲವನ್ನು ವಿದ್ಯಾರ್ಥಿಯ ಕೈಗಿತ್ತವರು

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೋಧನೆಗೆ ಹೊಸ ತಿರುವು ಬಂದಿತು. ಮೇರಿ ಶೆಲ್ಡನ್ ಬಾರ್ನ್ಸ್ ಎಂಬ ಶಿಕ್ಷಕಿ ಆಸ್ವೀಗೊ ನಗರದ ಶಿಕ್ಷಕರ ತರಬೇತಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಮುಂದೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಅಧ್ಯಾಪಕಿಯಾದಳು. ಈಕೆ ೧೮೮೫ರಲ್ಲಿ ಸಾಮಾನ್ಯ ಇತಿಹಾಸದ ಮೇಲೂ, ೧೮೯೧ರಲ್ಲಿ ಪತಿಯೊಡಗೂಡಿ ಅಮೆರಿಕದ ಇತಿಹಾಸದ ಮೇಲೂ ಪಠ್ಯಗಳನ್ನು ಸಿದ್ಧಪಡಿಸಿದಳು. ಇವು ಬರಿಯ ಕಥನವಲ್ಲ. ಮೂಲಪತ್ರಗಳು, ಕಾಯಿದೆಗಳು, ಪಟಗಳು, ಅಂಕಿಗಳನ್ನು ಕೊಟ್ಟು ಅವುಗಳ ಕೆಳಗೆ ಪ್ರಶ್ನೆಗಳನ್ನು ಹಾಕಿದ ಗ್ರಂಥಗಳು. ಉತ್ತರವನ್ನು ಶಿಕ್ಷಕನು ಹೇಳುವುದಲ್ಲ. ಆಕರವನ್ನೋದಿ ವಿದ್ಯಾರ್ಥಿಯೇ ಕಂಡುಕೊಳ್ಳಬೇಕು. ವಿಜ್ಞಾನಕ್ಕೆ ಪ್ರಯೋಗಶಾಲೆ ಇದ್ದಂತೆ ಇತಿಹಾಸಕ್ಕೆ ಆಕರವೆಂಬುದು ಈಕೆಯ ಪದ್ಧತಿಯ ತಿರುಳು. ಇದೇ ಹಾದಿಯ ದೂರದ ಫಲವಾಗಿ ೧೯೭೩ರಲ್ಲಿ ಆ ದೇಶದ ಪ್ರೌಢಶಾಲಾ ವಿದ್ಯಾರ್ಥಿಗಳಿಗಾಗಿ ನಡೆಯುವ ಕಾಲೇಜುಮಟ್ಟದ ಇತಿಹಾಸ ಪರೀಕ್ಷೆಯಲ್ಲಿ ಆಕರಾಧಾರಿತ ಪ್ರಶ್ನೆ ಸೇರ್ಪಡೆಯಾಯಿತು. ಪರೀಕ್ಷಾ ಕೊಠಡಿಯಲ್ಲಿಯೇ ಕೆಲವು ಮೂಲಪತ್ರಗಳನ್ನು ಕೊಡಲಾಗುತ್ತದೆ. ಅವನ್ನು ತೂಗಿ ನೋಡಿ ವಿದ್ಯಾರ್ಥಿ ತನ್ನ ವಾದವನ್ನು ಮಂಡಿಸಬೇಕು.

ಇದಕ್ಕೆ ಬೇಕಾದ ಶುದ್ಧವಾದ ಆಕರಗಳನ್ನು ಒದಗಿಸಿದವರು ಸಂಪಾದಕರು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಜೂಲಿಯನ್ ಬಾಯ್ಡ್ ೧೯೫೦ರಲ್ಲಿ ಜೆಫರ್ಸನ್ನನ ಪತ್ರಗಳ ಮೊದಲ ಸಂಪುಟವನ್ನು ಹೊರತಂದರು. ಮೂಲದ ಕಾಗುಣಿತ ತಪ್ಪಾಗಿದ್ದರೂ ತಿದ್ದದೆ, ಜೆಫರ್ಸನ್ ಬರೆದ ಪತ್ರಗಳೊಡನೆ ಅವನಿಗೆ ಬಂದ ಪತ್ರಗಳನ್ನೂ ಸೇರಿಸಿ ಪ್ರಕಟಿಸುವ ಕ್ರಮವನ್ನು ಅವರು ಅನುಸರಿಸಿದರು. ಮ್ಯಾಸಚೂಸೆಟ್ಸಿನಲ್ಲಿ ೧೯೫೪ರಿಂದ ಆಡಮ್ಸ್ ಮನೆತನದ ಪತ್ರಗಳ ಸಂಪಾದನೆ ನಡೆಯಿತು. ೧೯೬೦ರ ದಶಕದ ಕೊನೆಯಲ್ಲಿ ವರ್ಜೀನಿಯ ವಿಶ್ವವಿದ್ಯಾಲಯದಲ್ಲಿ ವಾಷಿಂಗ್ಟನ್ನನ ಪತ್ರಗಳ ಕಾರ್ಯ ಮೊದಲಾಯಿತು. ಒಬ್ಬ ಸಂಪಾದಕನ ಆಯುಷ್ಯದಲ್ಲಿ ಮುಗಿಯುವ ಕೆಲಸ ಇದಲ್ಲ. ಒಬ್ಬನು ನಿಲ್ಲಿಸಿದಲ್ಲಿಂದ ಇನ್ನೊಬ್ಬನು ಮುಂದುವರಿಸಬೇಕು. ೨೦೧೩ರಲ್ಲಿ ಆ ದೇಶದ ರಾಷ್ಟ್ರೀಯ ದಫ್ತರಖಾನೆಯು ಈ ಸಂಪುಟಗಳಲ್ಲಿನ ಪತ್ರಗಳನ್ನು ಅಂತರ್ಜಾಲದಲ್ಲಿ ಶುಲ್ಕವಿಲ್ಲದೆ ಓದಲು ಒದಗಿಸಿತು. ಅಂದಿನಿಂದ ಹಳ್ಳಿಯ ಶಾಲೆಯ ಶಿಕ್ಷಕನೂ ವಾಷಿಂಗ್ಟನ್ನನ ಪತ್ರವನ್ನು ಮೂಲರೂಪದಲ್ಲಿ ಓದಿಸಬಲ್ಲವನಾದನು.

ಇಲ್ಲಿ ದಾನಿಗಳ ಪಾತ್ರವನ್ನು ಮರೆಯಲಾಗದು. ವಾಷಿಂಗ್ಟನ್ನನ ಮನೆ ಮೌಂಟ್ ವರ್ನನ್ ಜೀರ್ಣವಾಗಿ ಬೀಳುವ ಸ್ಥಿತಿಗೆ ಬಂದಾಗ ಅದನ್ನು ಉಳಿಸಿದ್ದು ಸರಕಾರವಲ್ಲ. ೧೮೫೩ರಲ್ಲಿ ಆ್ಯನ್ ಪಮೇಲ ಕನಿಂಗ್‌ಹ್ಯಾಮ್ ಎಂಬ ಮಹಿಳೆ ಇತರ ಮಹಿಳೆಯರನ್ನು ಕೂಡಿಸಿ ಸಂಘವೊಂದನ್ನು ಕಟ್ಟಿದಳು. ಜನರಿಂದ ವಂತಿಗೆಯೆತ್ತಿ ಎರಡು ಲಕ್ಷ ಡಾಲರಿಗೆ ಆ ಮನೆಯನ್ನೂ ಸುತ್ತಲಿನ ಸುಮಾರು ಇನ್ನೂರು ಎಕರೆ ನೆಲವನ್ನೂ ಸಂಘವು ಕೊಂಡಿತು. ಮನೆ ಉಳಿಯಿತು; ಅದರೊಂದಿಗೆ ಅಲ್ಲಿನ ಲೆಕ್ಕಪತ್ರ, ಪಟ್ಟಿ, ಪತ್ರಗಳ ಅಧ್ಯಯನಕ್ಕೂ ನೆಲೆ ದೊರೆಯಿತು. ಮುಂದೆ ಹೇಳಲಿರುವ ಕಹಿಸತ್ಯಗಳು ಬೆಳಕಿಗೆ ಬರಲು ಹೀಗೆ ಉಳಿದ ಕಾಗದಗಳೇ ಕಾರಣವಾದವು.

ಯಾರ ಮಾತು ಸಾಕ್ಷ್ಯ?

ಮೌಂಟ್ ವರ್ನನ್ನಿನಲ್ಲಿ ೧೭೯೯ರಲ್ಲಿ ೩೧೭ ಮಂದಿ ಗುಲಾಮರಿದ್ದರು. ಅವರಲ್ಲಿ ೧೨೩ ಮಂದಿ ವಾಷಿಂಗ್ಟನ್ನನ ಸ್ವಂತದವರು; ೧೫೩ ಮಂದಿ ಅವನ ಪತ್ನಿ ಮಾರ್ತಾಳ ಮೊದಲ ಗಂಡನ ಆಸ್ತಿಗೆ ಸೇರಿದವರು; ಉಳಿದವರು ಬಾಡಿಗೆಯ ಮೇಲೆ ತಂದವರು. ಈ ಲೆಕ್ಕ ಶತ್ರುಗಳು ಬರೆದದ್ದಲ್ಲ. ವಾಷಿಂಗ್ಟನ್ ಆ ವರ್ಷ ತನ್ನ ಮೃತ್ಯುಪತ್ರವನ್ನು ಬರೆಯುವಾಗ ತಾನೇ ಮಾಡಿದ ಪಟ್ಟಿಯಿಂದ ಬಂದದ್ದು. ತನ್ನ ಸ್ವಂತದ ಗುಲಾಮರು ಪತ್ನಿಯ ಕಾಲಾನಂತರ ಬಿಡುಗಡೆ ಹೊಂದತಕ್ಕದ್ದೆಂದು ಆತನು ಬರೆದಿಟ್ಟನು. ೧೮೦೧ರ ಜನವರಿಯಲ್ಲಿ ಮಾರ್ತಾಳೇ ಅವರನ್ನು ಬಿಡುಗಡೆ ಮಾಡಿದಳು. ಉಳಿದ ೧೫೩ ಮಂದಿಗೆ ಆ ಭಾಗ್ಯ ಬರಲಿಲ್ಲ. ಗಂಡನಿಗೆ ಬಿಡುಗಡೆ, ಹೆಂಡತಿಗೆ ದಾಸ್ಯ ಎಂಬಂತೆ ಕೆಲವು ಸಂಸಾರಗಳು ಒಡೆದುಹೋದವು.

ಒಂದೇ ತಿಂಗಳಿನ ಎರಡು ಬರಹಗಳನ್ನು ವಿದ್ಯಾರ್ಥಿಯ ಮುಂದಿಡಬಹುದು. ೧೭೯೬ರ ಸೆಪ್ಟೆಂಬರ್ ೧೯ರ ತಾರೀಖಿನ ವಿದಾಯ ಸಂದೇಶದಲ್ಲಿ ವಾಷಿಂಗ್ಟನ್ ಮೂರನೆಯ ಸಲ ಅಧಿಕಾರ ಬೇಡವೆಂದು ತಿಳಿಸಿ, ಸ್ವಾತಂತ್ರ್ಯವನ್ನೂ ಒಕ್ಕೂಟವನ್ನೂ ಕಾಪಾಡಿಕೊಳ್ಳಿರೆಂದು ದೇಶಬಾಂಧವರಿಗೆ ಉಪದೇಶಿಸಿದನು. ಅದೇ ಸೆಪ್ಟೆಂಬರಿನ ಆರಂಭದಲ್ಲಿ ತನ್ನ ಖಜಾನೆಯ ಕಾರ್ಯದರ್ಶಿಗೆ ಬರೆದ ಪತ್ರವೊಂದರಲ್ಲಿ, ಓಡಿಹೋದ ದಾಸಿಯೊಬ್ಬಳನ್ನು ಹಿಡಿದು ತರಿಸಲು ಸಹಾಯ ಕೋರಿದನು. ಆಕೆ ಓನಾ ಜಡ್ಜ್. ಅದೇ ವರ್ಷದ ಮೇ ತಿಂಗಳಲ್ಲಿ ಫಿಲಡೆಲ್ಫಿಯದ ಅಧ್ಯಕ್ಷನ ಮನೆಯಿಂದ, ಮನೆಯವರು ಊಟಕ್ಕೆ ಕುಳಿತಿದ್ದಾಗ ಹೊರಬಿದ್ದು ಹಡಗು ಹತ್ತಿ ನ್ಯೂ ಹ್ಯಾಂಪ್‌ಶೈರಿಗೆ ಹೋದಳು. ಅವಳು ಮತ್ತೆ ಸಿಕ್ಕಲಿಲ್ಲ. ಬಡತನದಲ್ಲಿಯೇ ಬದುಕಿ, ಓದು ಕಲಿತು, ೧೮೪೮ರಲ್ಲಿ ತೀರಿಕೊಂಡಳು. ಮುಪ್ಪಿನಲ್ಲಿ ಇಬ್ಬರು ಪತ್ರಿಕಾಕರ್ತರಿಗೆ ತನ್ನ ಕಥೆಯನ್ನು ಹೇಳಿದ್ದಳು. ಆ ಮುದ್ರಿತ ಮಾತುಗಳು ಬಹುಕಾಲ ಹೆಚ್ಚಿನ ಲಕ್ಷ್ಯಕ್ಕೆ ಬಾರದೆ ಉಳಿದವು. ೨೦೧೭ರಲ್ಲಿ ಇತಿಹಾಸದ ಪ್ರಾಧ್ಯಾಪಕಿ ಎರಿಕ ಆರ್ಮ್‌ಸ್ಟ್ರಾಂಗ್ ಡನ್‌ಬಾರ್ ಅವರು ಓನಾಳ ಜೀವನವನ್ನು ಕುರಿತು ಇಡಿಯ ಗ್ರಂಥವನ್ನೇ ರಚಿಸಿದರು.

ಜೆಫರ್ಸನ್ನನ ವಿಷಯದಲ್ಲಿ ಸಾಕ್ಷ್ಯದ ಪ್ರಶ್ನೆ ಇನ್ನೂ ತೀಕ್ಷ್ಣವಾಗಿ ಎದ್ದಿತು. ಸರ್ವಮಾನವರೂ ಸಮಾನರೆಂದು ಸಾರಿದ ಘೋಷಣೆಯ ಕರ್ತೃವಾದ ಈತನು ತನ್ನ ಜೀವಿತಾವಧಿಯಲ್ಲಿ ಆರುನೂರಕ್ಕೂ ಮಿಕ್ಕಿ ಗುಲಾಮರ ಒಡೆಯನಾಗಿದ್ದನು. ಅವರಲ್ಲೊಬ್ಬಳಾದ ಸ್ಯಾಲಿ ಹೆಮಿಂಗ್ಸಳ ಮಕ್ಕಳಿಗೆ ಆತನೇ ತಂದೆಯೆಂಬ ಮಾತು ೧೮೦೨ರಲ್ಲಿಯೇ ಪತ್ರಿಕೆಯಲ್ಲಿ ಬಂದಿತ್ತು. ೧೮೭೩ರಲ್ಲಿ ಆಕೆಯ ಮಗ ಮ್ಯಾಡಿಸನ್ ಹೆಮಿಂಗ್ಸ್ ಓಹಾಯೋದ ವಾರಪತ್ರಿಕೆಯೊಂದರಲ್ಲಿ ತನ್ನ ವೃತ್ತಾಂತವನ್ನು ಹೇಳಿ, ಜೆಫರ್ಸನ್ನನೇ ತನ್ನ ತಂದೆಯೆಂದು ಸ್ಪಷ್ಟಪಡಿಸಿದನು. ಜೆಫರ್ಸನ್ನನ ಮೊಮ್ಮಕ್ಕಳು ಇದನ್ನು ಅಲ್ಲಗಳೆದು, ಆತನ ಸೋದರಳಿಯಂದಿರ ಮೇಲೆ ಹೊರಿಸಿದರು. ಜೆಫರ್ಸನ್ನನ ಜೀವನವನ್ನು ೧೯೪೮ರಿಂದ ೧೯೮೧ರವರೆಗೆ ಆರು ಸಂಪುಟಗಳಲ್ಲಿ ಬರೆದ ಡ್ಯೂಮಸ್ ಮೆಲೋನ್ ಅವರಂಥ ಹಿರಿಯ ವಿದ್ವಾಂಸರೂ ಮೊಮ್ಮಕ್ಕಳ ಮಾತನ್ನೇ ನಂಬಿದರು.

೧೯೯೭ರಲ್ಲಿ ಕಾನೂನಿನ ಪ್ರಾಧ್ಯಾಪಕಿ ಆ್ಯನೆಟ್ ಗಾರ್ಡನ್-ರೀಡ್ ಅವರು ಈ ವಿವಾದವನ್ನು ನ್ಯಾಯಾಲಯದ ದಾವೆಯಂತೆ ಪರೀಕ್ಷಿಸಿದರು. ಅವರು ಹೊಸ ರಹಸ್ಯವೇನನ್ನೂ ಹೊರಗೆಡಹಲಿಲ್ಲ. ಎಲ್ಲರಿಗೂ ಗೊತ್ತಿದ್ದ ಸಾಕ್ಷ್ಯಗಳನ್ನೇ ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟರು. ಒಡೆಯನ ಮೊಮ್ಮಕ್ಕಳಲ್ಲಿ ಒಬ್ಬರು ಒಬ್ಬ ಅಳಿಯನ ಹೆಸರನ್ನೂ ಇನ್ನೊಬ್ಬರು ಇನ್ನೊಬ್ಬನ ಹೆಸರನ್ನೂ ಹೇಳಿದ್ದರು. ಮ್ಯಾಡಿಸನ್ನನ ಮಾತಾದರೋ ಜೆಫರ್ಸನ್ನನ ದಿನಚರಿ ಲೆಕ್ಕಗಳಿಗೆ ಹೊಂದುತ್ತಿದ್ದಿತು: ಸ್ಯಾಲಿಯ ಪ್ರತಿಯೊಂದು ಮಗು ಹುಟ್ಟುವ ಒಂಬತ್ತು ತಿಂಗಳ ಹಿಂದೆ ಜೆಫರ್ಸನ್ ಅದೇ ಮನೆಯಲ್ಲಿದ್ದನು. ಆದರೂ ಗುಲಾಮನ ಮಾತನ್ನು ವದಂತಿಯೆಂದೂ ಒಡೆಯನ ಮನೆಯವರ ಮಾತನ್ನು ಪ್ರಮಾಣವೆಂದೂ ಇತಿಹಾಸಕಾರರು ಸ್ವೀಕರಿಸಿದ್ದೇಕೆಂಬುದೇ ಅವರ ಪ್ರಶ್ನೆ. ಮರುವರ್ಷ ನಡೆದ ರಕ್ತಪರೀಕ್ಷೆಯು ಸ್ಯಾಲಿಯ ಕಿರಿಯ ಮಗನ ವಂಶವು ಜೆಫರ್ಸನ್ ಪುರುಷವಂಶಕ್ಕೆ ಸೇರಿದ್ದೆಂದೂ ಸೋದರಳಿಯಂದಿರ ವಂಶಕ್ಕೆ ಸೇರಿದ್ದಲ್ಲವೆಂದೂ ತೋರಿಸಿತು. ೨೦೦೦ದಲ್ಲಿ ಜೆಫರ್ಸನ್ನನ ಮನೆಯನ್ನು ನೋಡಿಕೊಳ್ಳುವ ಪ್ರತಿಷ್ಠಾನವೇ ಮ್ಯಾಡಿಸನ್ನನ ಮಾತು ಬಹುಮಟ್ಟಿಗೆ ನಿಜವೆಂದು ವರದಿಯಿತ್ತಿತು. ರಕ್ತಪರೀಕ್ಷೆಯೊಂದರಿಂದಲೇ ತಂದೆ ಇಂಥವನೇ ಎಂದು ಹೇಳಲಾಗದು. ಕಾಗದಪತ್ರಗಳ ಸಾಕ್ಷ್ಯದೊಡನೆ ಕೂಡಿದಾಗ ಮಾತ್ರ ಅದಕ್ಕೆ ಬಲ ಬಂದಿತು. ಇಂದು ಬಹುಮಂದಿ ವಿದ್ವಾಂಸರು ಇದನ್ನು ಒಪ್ಪುತ್ತಾರೆ, ಒಪ್ಪದವರೂ ಕೆಲವರಿದ್ದಾರೆ. ಈ ಭಿನ್ನಾಭಿಪ್ರಾಯವನ್ನೂ ವಿದ್ಯಾರ್ಥಿಯಿಂದ ಮುಚ್ಚಿಡಬೇಕಾಗಿಲ್ಲ.

ಹಾಗಾದರೆ ಹಿರಿಮೆ ಉಳಿಯುವುದೆ?

ಇಷ್ಟನ್ನು ಕೇಳಿದವರು ಸಹಜವಾಗಿಯೇ ಸಂದೇಹಪಡುವರು. ಹೀಗೆ ದೋಷಗಳನ್ನೆಲ್ಲ ಹೊರಗೆ ಹಾಕಿದರೆ ಮಕ್ಕಳಲ್ಲಿ ಹಿರಿಯರ ಬಗೆಗೆ ಆದರ ಉಳಿದೀತೆ? ಈ ಸಂದೇಹ ಕ್ಷುಲ್ಲಕವಲ್ಲ. ಅಮೆರಿಕದಲ್ಲಿಯೂ ಇದರ ಬಗೆಗೆ ಕಟುವಾದ ವಿವಾದಗಳು ನಡೆದಿವೆ. ಮಕ್ಕಳ ಮುಂದೆ ಕೇವಲ ದೋಷಗಳ ಪಟ್ಟಿಯನ್ನು ಓದುವ ಶಿಕ್ಷಕನೂ ವೀಮ್ಸನಂತೆಯೇ ಅರ್ಧಸತ್ಯವನ್ನು ಹೇಳಿದಂತಾಗುತ್ತದೆ.

ಯಾವುದು ನಿಜವಾಗಿ ಹಿರಿದೋ ಅದು ಪತ್ರಗಳ ಪರೀಕ್ಷೆಯಿಂದ ಕುಗ್ಗಲಿಲ್ಲ. ಯುದ್ಧದಲ್ಲಿ ಗೆದ್ದ ಸೇನಾಪತಿಯಾದ ವಾಷಿಂಗ್ಟನ್ ೧೭೮೩ರ ಡಿಸೆಂಬರ್ ೨೩ರಂದು ಅನಾಪೊಲಿಸಿನಲ್ಲಿ ಪ್ರತಿನಿಧಿಸಭೆಯ ಮುಂದೆ ನಿಂತು ತನ್ನ ಅಧಿಕಾರಪತ್ರವನ್ನು ಹಿಂದಿರುಗಿಸಿದನು. ಖಡ್ಗದಿಂದ ಗೆದ್ದವನು ಸಿಂಹಾಸನವನ್ನೇರದೆ ಹೊಲಮನೆಗೆ ಮರಳಿದ್ದು ಲೋಕಚರಿತ್ರೆಯಲ್ಲಿ ವಿರಳ. ಎರಡು ಅವಧಿಗಳ ತರುವಾಯ ಅಧ್ಯಕ್ಷಪದವನ್ನೂ ಬಿಟ್ಟುಕೊಟ್ಟನು. ಕಾಯಿದೆಯ ಕಟ್ಟಿಲ್ಲದೆಯೇ ಆ ಪದ್ಧತಿ ೧೯೪೦ರವರೆಗೆ ನಡೆದು ಬಂದಿತು. ಫ್ರಾಂಕ್ಲಿನ್ ರೂಸ್‌ವೆಲ್ಟ್ ಅದನ್ನು ಮೀರಿದ ಮೇಲೆ ೧೯೫೧ರಲ್ಲಿ ಸಂವಿಧಾನದ ಇಪ್ಪತ್ತೆರಡನೆಯ ತಿದ್ದುಪಡಿಯಾಗಿ ರೂಪುಗೊಂಡಿತು.

ಜಾನ್ ಆಡಮ್ಸನು ಗುಲಾಮರನ್ನಿಟ್ಟುಕೊಂಡವನಲ್ಲ. ೧೮೦೦ರ ಚುನಾವಣೆಯಲ್ಲಿ ಜೆಫರ್ಸನ್ನನಿಗೆ ಸೋತಾಗ ಅವನಿಗೆ ಬಹಳ ಕಹಿಯಾಯಿತು. ೧೮೦೧ರ ಮಾರ್ಚ್ ೪ರಂದು ಹೊಸ ಅಧ್ಯಕ್ಷನ ಪ್ರಮಾಣವಚನಕ್ಕೆ ನಿಲ್ಲದೆ ನಸುಕಿನಲ್ಲಿಯೇ ರಾಜಧಾನಿಯನ್ನು ಬಿಟ್ಟು ಹೊರಟನು. ಮುನಿಸಿಕೊಂಡು ಹೋದನು, ಆದರೆ ಹೋದನು, ಸೈನ್ಯವನ್ನು ಕರೆಯಲಿಲ್ಲ. ಹಗೆಯ ಪಕ್ಷಕ್ಕೆ ರಕ್ತಪಾತವಿಲ್ಲದೆ ಅಧಿಕಾರವು ಹಸ್ತಾಂತರಗೊಂಡಿತು. ೧೮೧೨ರಲ್ಲಿ ಈ ಇಬ್ಬರು ಮುದುಕರೂ ಮತ್ತೆ ಪತ್ರವ್ಯವಹಾರ ಆರಂಭಿಸಿ ಮಿತ್ರರಾದರು. ೧೮೨೬ರ ಜುಲೈ ೪ರಂದು, ಸ್ವಾತಂತ್ರ್ಯ ಘೋಷಣೆಯ ಐವತ್ತನೆಯ ವರ್ಷದ ಉತ್ಸವದ ದಿನವೇ, ಇಬ್ಬರೂ ತೀರಿಕೊಂಡರು. ಮುಂದಿನ ಜನವರಿಯಲ್ಲಿ ಜೆಫರ್ಸನ್ನನ ಸಾಲಕ್ಕಾಗಿ ಅವನ ಮನೆಯ ಅಂಗಳದಲ್ಲಿ ನೂರಕ್ಕೂ ಹೆಚ್ಚು ಗುಲಾಮರು ಹರಾಜಾದರು. ಈ ಎರಡು ಸಂಗತಿಗಳನ್ನೂ ಒಂದೇ ಪಾಠದಲ್ಲಿ ಹೇಳಬಲ್ಲ ಶಿಕ್ಷಕನೇ ಇತಿಹಾಸ ಶಿಕ್ಷಕ. ಹಿರಿಯರ ಕೃತಿಗಳಿಗೆ ಗೌರವ ಸಲ್ಲಬೇಕು. ಅವರ ದೋಷಗಳಿಗೆ ಮೌನ ಸಲ್ಲಬೇಕಾಗಿಲ್ಲ.

ತೇರದಾಳದ ಶಿಕ್ಷಕನಿಗೆ

ಈ ಪದ್ಧತಿಯನ್ನು ಅನುಸರಿಸಲು ನಮಗೆ ಅಮೆರಿಕದ ಪತ್ರಗಳಷ್ಟೇ ಬೇಕೆಂದೇನೂ ಇಲ್ಲ. ನಮ್ಮೂರಿನಲ್ಲಿಯೇ ಆಕರಗಳಿವೆ. ತೇರದಾಳದ ನೇಮಿನಾಥ ಬಸದಿಯ ಶಾಸನವು ಹನ್ನೆರಡನೆಯ ಶತಮಾನದ್ದು. ಮಂಡಲಿಕ ಗೊಂಕನ ಹೆಸರನ್ನು ಉಳಿಸಿಕೊಂಡು ಬಂದಿರುವುದು. ಕಾಶೀನಾಥ ಬಾಪೂ ಪಾಠಕರು ಅದ್ನು ೧೮೮೫ರಲ್ಲಿ ಇಂಡಿಯನ್ ಆ್ಯಂಟಿಕ್ವರಿ ಪತ್ರಿಕೆಯಲ್ಲಿ ಪ್ರಕಟಿಸಿದರು. ನಮ್ಮ ಶಾಸನಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಮಾತುಗಳಿರುತ್ತವೆ. ಒಂದು, ಅರಸನ ಪ್ರಶಸ್ತಿ: ಅವನು ಶೂರ, ದಾನಿ, ಶತ್ರುಗಳಿಗೆ ಸಿಂಹ. ಇನ್ನೊಂದು, ದಾನದ ವಿವರ: ಎಷ್ಟು ಭೂಮಿ, ಯಾವ ಎಲ್ಲೆ, ಯಾವ ತೆರಿಗೆಯ ಭಾಗ. ಮೊದಲನೆಯದು ವೀಮ್ಸನ ಮಾತಿಗೆ ಹತ್ತಿರ. ಎರಡನೆಯದು ವಾಷಿಂಗ್ಟನ್ನನ ಪಟ್ಟಿಗೆ ಹತ್ತಿರ. ಎರಡೂ ಒಂದೇ ಕಲ್ಲಿನ ಮೇಲಿವೆ. ಇವುಗಳನ್ನು ಬೇರ್ಪಡಿಸಿ ಓದಲು ಒಂಬತ್ತನೆಯ ತರಗತಿಯ ಹುಡುಗನೂ ಕಲಿಯಬಲ್ಲನು.

ಇನ್ನು ಮುಧೋಳ ಸೀಮೆಯ ಹಲಗಲಿ. ೧೮೫೭ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯಿದೆಯನ್ನು ಒಪ್ಪದೆ ಅಲ್ಲಿನ ಬೇಡರು ಬಂಡೆದ್ದರು. ಇಂಗ್ಲಿಷ್ ಸೈನ್ಯವು ಊರನ್ನು ಸುಟ್ಟು, ಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿತು. ಇದರ ಬಗೆಗೆ ಎರಡು ಸಾಕ್ಷ್ಯಗಳುಂಟು. ಕಂಪನಿಯ ಅಧಿಕಾರಿಗಳ ಕಾಗದಗಳು ಒಂದು. ಈ ನಾಡಿನಲ್ಲಿ ಹಾಡುತ್ತ ಬಂದ ಲಾವಣಿ ಇನ್ನೊಂದು. ಆ ಲಾವಣಿಯನ್ನು ಕಾಗದಕ್ಕಿಳಿಸಿ ಮುದ್ರಿಸಿದವನು ಇಂಗ್ಲಿಷ್ ಅಧಿಕಾರಿಯೇ ಆದ ಜೆ. ಎಫ್. ಫ್ಲೀಟ್. ಅಧಿಕಾರಿಗಳ ವರದಿಯಲ್ಲಿ ದಂಗೆಕೋರರೆನಿಸಿದವರು ಲಾವಣಿಯಲ್ಲಿ ವೀರರು. ವರದಿಯನ್ನು ಮಾತ್ರ ಪ್ರಮಾಣವೆಂದು ಹಿಡಿದರೆ ಮ್ಯಾಡಿಸನ್ ಹೆಮಿಂಗ್ಸನ ಮಾತನ್ನು ತಳ್ಳಿಹಾಕಿದವರ ಸಾಲಿಗೆ ನಾವು ಸೇರುತ್ತೇವೆ. ಲಾವಣಿಯ ಒಂದೊಂದು ಅಕ್ಷರವನ್ನೂ ನಡೆದ ಸಂಗತಿಯೆಂದು ಹಿಡಿದರೆ ವೀಮ್ಸನ ಸಾಲಿಗೆ ಸೇರುತ್ತೇವೆ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದುವುದೇ ಸರಿಯಾದ ದಾರಿ.

ಇದಕ್ಕೆ ಮೂರು ಅವಧಿಗಳ ಪಾಠಕ್ರಮವೊಂದನ್ನು ಇಲ್ಲಿ ಸೂಚಿಸಬಹುದು. ಮೊದಲನೆಯ ಅವಧಿಯಲ್ಲಿ ೧೭೯೯ರ ಮೂರು ಸಾವುಗಳಿಂದ ಆರಂಭಿಸಿ ವಾಷಿಂಗ್ಟನ್ ಹಾಗೂ ಕಾರ್ನವಾಲಿಸರ ಚರಿತ್ರೆಯನ್ನು ನಕಾಶೆಯ ಸಹಾಯದಿಂದ ತಿಳಿಸುವುದು. ಎರಡನೆಯ ಅವಧಿಯಲ್ಲಿ ಚೆರ್ರಿಗಿಡದ ಕಥೆ, ವಿದಾಯ ಸಂದೇಶದ ಸಾರಾಂಶ, ಓನಾ ಜಡ್ಜಳ ವೃತ್ತಾಂತ ಈ ಮೂರನ್ನೂ ಕನ್ನಡದಲ್ಲಿ ಬರೆದು ಹಂಚಿ ಮೂರು ಪ್ರಶ್ನೆಗಳನ್ನು ಕೇಳುವುದು: ಇದನ್ನು ಹೇಳಿದವರು ಯಾರು? ಘಟನೆ ನಡೆದ ಎಷ್ಟು ಕಾಲಕ್ಕೆ ಹೇಳಿದರು? ಹೇಳುವುದರಿಂದ ಅವರಿಗೆ ಲಾಭವೋ ಅಪಾಯವೋ? ಮೂರನೆಯ ಅವಧಿಯಲ್ಲಿ ಅವೇ ಮೂರು ಪ್ರಶ್ನೆಗಳನ್ನು ಹಲಗಲಿಯ ಲಾವಣಿಗೂ ಬಸದಿಯ ಶಾಸನಕ್ಕೂ ಕೇಳಿಸುವುದು. ಈ ಪ್ರಶ್ನೆಗಳನ್ನು ಒಮ್ಮೆ ಕಲಿತ ವಿದ್ಯಾರ್ಥಿಯು ಮುಂದೆ ವರ್ತಮಾನಪತ್ರಿಕೆಯನ್ನೂ ಚುನಾವಣೆಯ ಭಾಷಣವನ್ನೂ ಕೈಯೊಳಗಿನ ದೂರವಾಣಿಯಲ್ಲಿ ಬರುವ ಸುದ್ದಿಯನ್ನೂ ಇದೇ ಒರೆಗಲ್ಲಿಗೆ ಹಚ್ಚುವನು. ಇತಿಹಾಸ ಬೋಧನೆಯಿಂದ ಸಮಾಜಕ್ಕೆ ಬರುವ ಪ್ರತ್ಯಕ್ಷ ಫಲವಿದು.

ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ಒಂದು ವಿಜ್ಞಾಪನೆ. ೧೯೪೮ರಲ್ಲಿ ವಿಲೀನಗೊಂಡ ಜಮಖಂಡಿ, ಮುಧೋಳ, ಸಾಂಗಲಿ ಸಂಸ್ಥಾನಗಳ ಕಾಲದ ಸನದುಗಳು, ಮೋಡಿ ಬರಹದ ಕಾಗದಗಳು, ನೇಕಾರರ ಮತ್ತು ವರ್ತಕರ ಕಿರ್ದಿ ಖಾತೆ ಪುಸ್ತಕಗಳು, ಹಾಡುಗಾರರ ಕೈಬರಹದ ಲಾವಣಿಗಳು ಈ ಭಾಗದ ಮನೆಗಳ ಅಟ್ಟದ ಮೇಲೆ, ಗೆದ್ದಲಿನ ಬಾಯಲ್ಲಿ ಇರುವುದು ಅಸಂಭವವಲ್ಲ. ಸ್ಪಾರ್ಕ್ಸನಂತೆ ಅವನ್ನು ತುಂಡರಿಸಿ ಹಂಚದೆ, ಇದ್ದುದನ್ನು ಇದ್ದಂತೆಯೇ ಶಾಲೆಯ ಗ್ರಂಥಾಲಯಕ್ಕೆ ಒಪ್ಪಿಸಬಹುದು. ಮೂಲವನ್ನು ಕೊಡಲು ಮನಸ್ಸಿಲ್ಲದವರು ಅದರ ಛಾಯಾಪ್ರತಿಯನ್ನಾದರೂ ಕೊಡಬಹುದು. ಒಂದು ಕೊಠಡಿ, ಎರಡು ಕಬ್ಬಿಣದ ಕಪಾಟು, ಮೋಡಿ ಓದಬಲ್ಲ ಒಬ್ಬರು ಇದ್ದರೆ ಕಾರ್ಯ ಆರಂಭವಾಗುತ್ತದೆ. ಮೌಂಟ್ ವರ್ನನ್ನನ್ನು ಉಳಿಸಿದ ಮಹಿಳೆಯರೂ ವಂತಿಗೆಯ ಹಣದಿಂದಲೇ ತಮ್ಮ ಕೆಲಸವನ್ನು ಸಾಧಿಸಿದರು.

ಮೊದಲ ಅಧ್ಯಕ್ಷರ ಚರಿತ್ರೆಯನ್ನು ಅಮೆರಿಕದ ಶಿಕ್ಷಕರು ಸರಿಯಾಗಿ ಕಲಿಸುವುದನ್ನು ಕಲಿಯಲು ಇನ್ನೂರು ವರ್ಷ ಹಿಡಿಯಿತು. ಆ ಕೆಲಸ ಇನ್ನೂ ಮುಗಿದಿಲ್ಲ. ಅವರು ಎಡವಿದ ಸ್ಥಳಗಳನ್ನು ನಾವು ಮೊದಲೇ ಬಲ್ಲೆವಾದ್ದರಿಂದ ನಮ್ಮ ದಾರಿ ಅಷ್ಟು ದೀರ್ಘವಾಗಬೇಕಾಗಿಲ್ಲ. ಹಿರಿಯರನ್ನು ದೇವರನ್ನಾಗಿ ಮಾಡಿದರೆ ಮಕ್ಕಳು ಅವರಿಗೆ ಕೈಮುಗಿದು ಮುಂದೆ ಹೋಗುತ್ತಾರೆ. ಮನುಷ್ಯರನ್ನಾಗಿಯೇ ತೋರಿಸಿದರೆ ಅವರಿಂದ ಕಲಿಯುತ್ತಾರೆ. ಯಾವುದನ್ನು ಅನುಸರಿಸಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕ ಅವರಲ್ಲಿ ಮೂಡುತ್ತದೆ. ಆ ವಿವೇಕವನ್ನು ಮೂಡಿಸುವುದೇ ಇತಿಹಾಸ ಶಿಕ್ಷಕರ ಹೊಣೆ.